ಕೂಲಿ ಎಲ್ಲಿ ನಿಂತಿತ್ತು?

2010ರ ಬೇಸಿಗೆಯ ಒಂದು ಮಧ್ಯಾಹ್ನ. ರಾಯಚೂರು ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿ ಉದ್ಯೋಗ ಖಾತರಿ ಯೋಜನೆಯ ಪ್ರಗತಿ ಪರಿಶೀಲನೆ ಮುಗಿಸಿ ನಾನು ಜೀಪು ಹತ್ತುವುದರಲ್ಲಿದ್ದೆ. ಕಚೇರಿಯ ಅಂಗಳದ ಬೇವಿನ ಮರದ ನೆರಳಿನಲ್ಲಿ ಹತ್ತು ಹನ್ನೆರಡು ಹೆಂಗಸರು ಕುಳಿತಿದ್ದರು. ಅವರಲ್ಲಿ ಹಿರಿಯರೊಬ್ಬರು ಎದ್ದು ಬಂದರು. ಕೂಗಾಡಲಿಲ್ಲ, ಮನವಿ ಪತ್ರ ಚಾಚಲಿಲ್ಲ. ‘ಯಪ್ಪಾ, ನೀವು ರೊಕ್ಕ ಕೊಡಂಗಿಲ್ಲ ಅಂತ ನಾವೇನು ಅನ್ನಂಗಿಲ್ಲ. ಯಾವತ್ತು ಕೊಡ್ತೀರಿ, ಅಷ್ಟ ಹೇಳ್ರಿ. ಹೇಳಿದ್ರ ಊರಾಗ ಇರ್ತೀವಿ, ಇಲ್ಲಾಂದ್ರ ಬೆಂಗಳೂರು ಬಸ್ಸು ಹತ್ತತೀವಿ’ ಎಂದರು.

ಉತ್ತರ ನನ್ನಲ್ಲಿರಲಿಲ್ಲ. ಅರ್ಧ ಗಂಟೆಯ ಹಿಂದಷ್ಟೇ ಅದೇ ಕಚೇರಿಯ ಸಭಾಂಗಣದಲ್ಲಿ ಎಷ್ಟು ಮಾನವ ದಿನಗಳ ಸೃಜನೆಯಾಗಿದೆ, ಎಷ್ಟು ಲಕ್ಷ ವೆಚ್ಚವಾಗಿದೆ ಎಂಬ ತಃಖ್ತೆಗಳ ಮೇಲೆ ಎರಡು ತಾಸು ಚರ್ಚೆ ನಡೆಸಿದ್ದೆ. ಆ ತಃಖ್ತೆಗಳಲ್ಲಿ ಎಲ್ಲವೂ ಇತ್ತು. ಆ ತಾಯಿ ಕೇಳಿದ ಒಂದು ದಿನಾಂಕ ಮಾತ್ರ ಇರಲಿಲ್ಲ.

ರಾಯಚೂರು ಜಿಲ್ಲೆಯನ್ನು ಬಲ್ಲವರಿಗೆ ಆ ‘ಬೆಂಗಳೂರು ಬಸ್ಸು’ ಎಂಬ ಮಾತಿನ ತೂಕವನ್ನು ವಿವರಿಸಬೇಕಾಗಿಲ್ಲ. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ನಡುವೆ ಹರಡಿರುವುದು ಇತಿಹಾಸಕಾರರು ದೋಆಬ್ ಎಂದು ಕರೆದ, ರಾಜಮಹಾರಾಜರು ಶತಮಾನಗಳ ಕಾಲ ಕಾದಾಡಿದ ನೆಲ. ಎರಡು ನದಿಗಳ ನಡುವಿನ ಆ ನೆಲದಿಂದಲೇ ಜನ ಪ್ರತಿವರ್ಷ ಗುಳೆ ಹೋಗುತ್ತಾರೆ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಗುರುತಿಸಿದ 114 ಹಿಂದುಳಿದ ತಾಲ್ಲೂಕುಗಳಲ್ಲಿ 39 ‘ಅತ್ಯಂತ ಹಿಂದುಳಿದ’ ಪಟ್ಟಿಗೆ ಸೇರಿದವು. ದೇವದುರ್ಗ ಆ ಪಟ್ಟಿಯಲ್ಲಿತ್ತು. ಸುಗ್ಗಿ ಮುಗಿದೊಡನೆ ಅಲ್ಲಿನ ಹಳ್ಳಿಗಳಲ್ಲಿ ಬಾಗಿಲಿಗೆ ಬೀಗ ಬೀಳುತ್ತದೆ. ಮುದುಕರು ಮಾತ್ರ ಕಟ್ಟೆಯ ಮೇಲೆ ಉಳಿಯುತ್ತಾರೆ. ಶಾಲೆಯ ಹಾಜರಿ ಪುಸ್ತಕದಲ್ಲಿ ಹೆಸರಿರುತ್ತದೆ. ಮಗು ಬೆಂಗಳೂರಿನ ಯಾವುದೋ ಕಟ್ಟಡದ ಮರಳು ರಾಶಿಯ ಪಕ್ಕದಲ್ಲಿರುತ್ತದೆ.

ಇದನ್ನು ತಡೆಯಲೆಂದೇ ಉದ್ಯೋಗ ಖಾತರಿ ಕಾಯಿದೆ ಬಂದದ್ದು. 2006ರ ಫೆಬ್ರುವರಿಯಲ್ಲಿ ದೇಶದ ಮೊದಲ 200 ಜಿಲ್ಲೆಗಳಲ್ಲಿ ಅದು ಜಾರಿಗೊಂಡಾಗ ಕರ್ನಾಟಕದಿಂದ ಬೀದರ್, ಗುಲ್ಬರ್ಗ, ಚಿತ್ರದುರ್ಗ, ದಾವಣಗೆರೆಗಳ ಜೊತೆಗೆ ರಾಯಚೂರೂ ಇತ್ತು. ಕೂಲಿಯನ್ನು ವಾರಕ್ಕೊಮ್ಮೆ, ಹೆಚ್ಚೆಂದರೆ ಹದಿನೈದು ದಿನಗಳೊಳಗೆ ಕೊಡತಕ್ಕದ್ದೆಂದು ಕಾಯಿದೆ ಹೇಳಿತ್ತು. ಹದಿನೈದು ದಿನ ಎಂಬುದು ಸುಮ್ಮನೆ ಬರೆದ ಸಂಖ್ಯೆಯಲ್ಲ. ದಿನಗೂಲಿಯ ಸಂಸಾರ ಕಿರಾಣಿ ಅಂಗಡಿಯಲ್ಲಿ ಸಾಲ ಹೇಳಿ ತಡೆದುಕೊಳ್ಳಬಲ್ಲ ಅವಧಿ ಹೆಚ್ಚು ಕಡಿಮೆ ಅಷ್ಟೇ. ಅದು ನಲವತ್ತು ದಿನವಾದರೆ ಖಾತರಿ ಎಂಬ ಶಬ್ದಕ್ಕೆ ಅರ್ಥವಿಲ್ಲ. ಗುತ್ತಿಗೆದಾರನ ಮುಂಗಡವೇ ಹೆಚ್ಚು ಖಾತರಿಯಾಗಿ ಕಾಣುತ್ತದೆ.

ಆ ದಿನ ರಾಯಚೂರಿಗೆ ಹಿಂದಿರುಗುವ ದಾರಿಯಲ್ಲಿ ನಾನು ಕಂಡುಕೊಂಡ ಕಾರಣ, ಯಾವ ಅಧಿಕಾರಿಯೂ ಮೊದಲು ಕಂಡುಕೊಳ್ಳುವ ಕಾರಣವೇ: ಕೆಳಗಿನವರ ಸೋಮಾರಿತನ. ಮಾರನೆಯ ದಿನ ಒಂದು ಖಾರವಾದ ಜ್ಞಾಪನ ಕಳುಹಿಸಿದೆ. ‘ಹದಿನೈದು ದಿನಗಳೊಳಗೆ ಪಾವತಿಸದಿದ್ದಲ್ಲಿ ಶಿಸ್ತುಕ್ರಮ ಜರುಗಿಸಲಾಗುವುದು’ ಎಂಬ ಒಕ್ಕಣೆ. ಅದರ ಪರಿಣಾಮವೇನಾಯಿತೆಂಬುದನ್ನು ಮುಂದೆ ಹೇಳುತ್ತೇನೆ. ಅದು ನನಗೆ ಹೆಮ್ಮೆಯ ವಿಷಯವಲ್ಲ. ಎರಡನೆಯದಾಗಿ, ದತ್ತಾಂಶ ದಾಖಲಿಸುವ ಹುಡುಗನೊಬ್ಬನೇ ಇದ್ದಾನೆ, ಒಂದೇ ಗಣಕಯಂತ್ರವಿದೆ, ಅಲ್ಲಿಯೇ ಎಲ್ಲ ಕಟ್ಟಿಕೊಂಡಿದೆ ಎಂದು ಎಲ್ಲರೂ ಹೇಳಿದರು. ಹೇಗೋ ಹಣ ಹೊಂದಿಸಿ ಇನ್ನೊಂದು ಗಣಕಯಂತ್ರ, ಇನ್ನೊಬ್ಬ ಹುಡುಗನನ್ನು ಒದಗಿಸಿದೆವು. ತಿಂಗಳೊಂದು ಕಳೆಯಿತು. ಕೂಲಿ ಒಂದು ದಿನವೂ ಮುಂಚೆ ಬರಲಿಲ್ಲ.

ಆಗ ಹೊಳೆದ ಉಪಾಯ ಬಹಳ ಸಾಮಾನ್ಯವಾದುದು. ಪಾವತಿಯಾಗಿ ಮುಗಿದುಹೋಗಿದ್ದ ಎರಡು ಡಜನ್ ಎನ್‌ಎಂಆರ್‌ಗಳನ್ನು, ಅಂದರೆ ಕೂಲಿಕಾರರ ಹಾಜರಿ ಪಟ್ಟಿಗಳನ್ನು, ಕಪಾಟಿನಿಂದ ತೆಗೆಸಿ ಮೇಜಿನ ಮೇಲೆ ಹರಡಿಸಿದೆ. ಒಬ್ಬ ಪ್ರಥಮ ದರ್ಜೆ ಸಹಾಯಕ, ಒಬ್ಬ ಕಿರಿಯ ಎಂಜಿನಿಯರ್, ಆಗಷ್ಟೇ ಸೃಷ್ಟಿಯಾಗಿದ್ದ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ ಹುದ್ದೆಗೆ ಬಂದಿದ್ದ ಇಬ್ಬರು ತರುಣರು, ಮತ್ತು ನಾನು. ಪ್ರತಿಯೊಂದು ಪಟ್ಟಿಯ ಮೇಲೂ ಅದು ಯಾವ ದಿನ ಎಲ್ಲಿಗೆ ಬಂತು, ಯಾವ ದಿನ ಅಲ್ಲಿಂದ ಹೊರಟಿತು ಎಂದು ಹಾಳೆಯೊಂದರಲ್ಲಿ ಬರೆಯುತ್ತಾ ಹೋದೆವು. ಕಡತ ಚಲಿಸುವ ಕಾಲವಲ್ಲ, ಕಡತ ಮಲಗುವ ಕಾಲವನ್ನು ಅಳೆಯುವುದೇ ಉದ್ದೇಶ.

ಹಾಜರಿ ಪಟ್ಟಿಯ ಪ್ರಯಾಣವನ್ನು ನಗರದ ಓದುಗರಿಗೆ ತುಸು ವಿವರಿಸಬೇಕು. ವಾರದ ಕೆಲಸ ಮುಗಿದ ಮೇಲೆ ಪಟ್ಟಿ ಮುಕ್ತಾಯವಾಗುತ್ತದೆ. ಕೂಲಿ ಹಾಜರಿಯ ಮೇಲಲ್ಲ, ಅಗೆದ ಮಣ್ಣಿನ ಪ್ರಮಾಣದ ಮೇಲೆ ನಿರ್ಧಾರವಾಗುವುದರಿಂದ ಎಂಜಿನಿಯರು ಸ್ಥಳಕ್ಕೆ ಹೋಗಿ ಗುಂಡಿ, ಬದು, ಹೂಳುಗಳನ್ನು ಅಳೆದು ಎಂ.ಬಿ. ಎಂದು ಕರೆಯುವ ಅಳತೆ ಪುಸ್ತಕದಲ್ಲಿ ಬರೆಯಬೇಕು. ಅವರ ಮೇಲಿನ ಎಂಜಿನಿಯರು ಅದನ್ನು ತಪಾಸಣೆ ಮಾಡಬೇಕು. ಬಳಿಕ ಬಿಲ್ಲು, ಬಿಲ್ಲಿನ ಮೇಲೆ ಚೆಕ್ಕು, ಚೆಕ್ಕಿಗೆ ಪಂಚಾಯಿತಿ ಅಧ್ಯಕ್ಷರ ಹಾಗೂ ಅಧಿಕಾರಿಯ ಜಂಟಿ ಸಹಿ. ಕೂಲಿಯನ್ನು ನಗದಾಗಿ ಕೊಡುವ ಪದ್ಧತಿ 2008ರಲ್ಲಿಯೇ ನಿಂತುಹೋಗಿ, ಬ್ಯಾಂಕು ಅಥವಾ ಅಂಚೆ ಕಚೇರಿಯ ಖಾತೆಗೇ ಜಮಾ ಮಾಡಬೇಕೆಂಬ ನಿಯಮ ಬಂದಿತ್ತು. ಆದ್ದರಿಂದ ಚೆಕ್ಕಿನೊಡನೆ ಹೆಸರುಗಳ ಪಟ್ಟಿಯೊಂದು ಬ್ಯಾಂಕಿಗೆ ಹೋಗಿ, ಅಲ್ಲಿ ಒಂದೊಂದು ಹೆಸರಿಗೂ ಜಮಾ ಆಗಬೇಕು. ಏಳು ಮೆಟ್ಟಿಲು, ಆರು ಕೈ. ಯಾವ ಕೈಗೂ ಮುಂದಿನ ಕೈ ಏನು ಮಾಡುತ್ತಿದೆ ಎಂಬುದು ತಿಳಿಯದು.

ಸಂಜೆಯ ಹೊತ್ತಿಗೆ ಹಾಳೆ ತುಂಬಿತು. ಗಣಕಯಂತ್ರದ ಮುಂದೆ ಪಟ್ಟಿ ಎಲ್ಲಿಯೂ ಎರಡು ಮೂರು ದಿನಕ್ಕಿಂತ ಹೆಚ್ಚು ತಂಗಿರಲಿಲ್ಲ! ಒಟ್ಟು ವಿಳಂಬದ ಅರ್ಧಕ್ಕಿಂತ ಹೆಚ್ಚು ಕಾಲ ಅದು ಕಚೇರಿಗೆ ಬಂದೇ ಇರಲಿಲ್ಲ. ಕೆಲಸದ ಸ್ಥಳದಲ್ಲಿ, ಅಳತೆಗಾಗಿ ಕಾಯುತ್ತಿತ್ತು. ನಾವು ಹಣ ಸುರಿದದ್ದು ತಡವಿಲ್ಲದ ಕಡೆ.

ಎಂಜಿನಿಯರನ್ನು ದೂಷಿಸುವುದು ಸುಲಭವಾಗಿತ್ತು. ಆತ ನಮ್ಮ ಮುಂದೆಯೇ ಕುಳಿತಿದ್ದನಾದ್ದರಿಂದ ಕೇಳಿದೆವು. ಆರು ಗ್ರಾಮ ಪಂಚಾಯಿತಿಗಳು ಆತನೊಬ್ಬನ ಹೆಗಲ ಮೇಲಿದ್ದವು. ಒಂದು ಮೋಟಾರು ಸೈಕಲ್ಲು. ಯಾವ ಊರಿನಲ್ಲಿ ಯಾವ ದಿನ ಪಟ್ಟಿ ಮುಗಿಯುತ್ತದೆಂದು ಆತನಿಗೆ ಯಾರೂ ತಿಳಿಸುತ್ತಿರಲಿಲ್ಲ. ಹಾಗಾಗಿ ಒಂದು ದಿಕ್ಕಿನಲ್ಲಿ ನಾಲ್ಕಾರು ಕೆಲಸಗಳು ಸೇರಿದ ಮೇಲೆ ಹೋಗಿ ಒಟ್ಟಿಗೆ ಅಳೆದು ಬರುತ್ತಿದ್ದ. ಆತನ ದೃಷ್ಟಿಯಿಂದ ಅದು ವಿವೇಕದ ಕ್ರಮವೇ, ಪೆಟ್ರೋಲು ಉಳಿಯುತ್ತಿತ್ತು. ಈ ನಡುವೆ ಮಳೆ ಬಂದು ಗುಂಡಿ ಮುಚ್ಚಿಹೋದರೆ ಅಳೆಯಲು ಏನೂ ಉಳಿಯುತ್ತಿರಲಿಲ್ಲ. ಆಗ ಅಂದಾಜಿನ ಮೇಲೆ ಬರೆಯುವುದು, ಕೂಲಿ ಕಡಿಮೆಯಾಯಿತೆಂದು ಜಗಳ, ಜಗಳ ಬಗೆಹರಿಯುವವರೆಗೆ ಮತ್ತಷ್ಟು ತಡ. ಇದಾವುದನ್ನೂ ಯಾವ ಪರಿಶೀಲನಾ ಸಭೆಯಲ್ಲಿಯೂ ನಾನು ಕೇಳಿರಲಿಲ್ಲ. ಕೇಳುವ ಕ್ರಮವೇ ನಮ್ಮಲ್ಲಿರಲಿಲ್ಲ.

ಪರಿಹಾರವಾಗಿ ಪ್ರತಿ ಪಂಚಾಯಿತಿಗೂ ವಾರದಲ್ಲೊಂದು ಅಳತೆಯ ದಿನವನ್ನು ಗೊತ್ತುಮಾಡಿದೆವು. ಇಡೀ ತಾಲ್ಲೂಕಿನಲ್ಲಿ ಅಲ್ಲ, ಮೊದಲು ಎರಡೇ ಪಂಚಾಯಿತಿಗಳಲ್ಲಿ, ನಾಲ್ಕೇ ವಾರಗಳಿಗೆ. ಅಳತೆಯ ದಿನ ಮೇಟ್‌ಗಳು (ಅವರನ್ನು ಮುಂದೆ ‘ಕಾಯಕ ಬಂಧು’ ಎಂದು ಕರೆಯಲಾಯಿತು) ಟೇಪು ಹಿಡಿದು ಸ್ಥಳದಲ್ಲಿ ನಿಂತಿರಬೇಕು. ಆ ಎರಡು ಪಂಚಾಯಿತಿಗಳಲ್ಲಿ ಅಳತೆಯ ತಡ ನಾಲ್ಕೈದು ದಿನಕ್ಕೆ ಇಳಿಯಿತು. ನಾನು ಹಿಗ್ಗಿದೆ. ಹಿಗ್ಗಿನ ಭರದಲ್ಲಿ ತಾಲ್ಲೂಕಿನ ಎಲ್ಲ ಪಂಚಾಯಿತಿಗಳಿಗೂ ವಿಸ್ತರಿಸಿದೆ.

ಎರಡೇ ವಾರದಲ್ಲಿ ಹೊಸ ಗಂಟು ಬಿತ್ತು. ಮೊದಲು ಹನಿಹನಿಯಾಗಿ ಬರುತ್ತಿದ್ದ ಅಳತೆ ಪುಸ್ತಕಗಳು ಈಗ ಒಂದೇ ದಿನ ರಾಶಿಯಾಗಿ ತಪಾಸಣೆಯ ಎಂಜಿನಿಯರ ಮೇಜಿಗೆ ಬಂದವು. ಅವರಾದರೂ ಏನು ಮಾಡಿಯಾರು? ತಡ ಅಳಿಯಲಿಲ್ಲ, ಮನೆ ಬದಲಾಯಿಸಿತು. ಅರ್ಥಶಾಸ್ತ್ರದ ತರಗತಿಯಲ್ಲಿ ಸರದಿಯ ಬಗೆಗೆ, ಇಕ್ಕಟ್ಟಿನ ಸ್ಥಳಗಳ ಬಗೆಗೆ ಓದಿ ಪರೀಕ್ಷೆ ಬರೆದವನು ನಾನು. ಒಂದು ಇಕ್ಕಟ್ಟನ್ನು ಸಡಿಲಿಸಿದರೆ ನೀರು ಮುಂದಿನ ಇಕ್ಕಟ್ಟಿನಲ್ಲಿ ನಿಲ್ಲುತ್ತದೆಂಬುದು ಪುಸ್ತಕದಲ್ಲಿತ್ತು, ತಲೆಯಲ್ಲಿರಲಿಲ್ಲ. ಪಟ್ಟಿ ಮುಕ್ತಾಯದ ದಿನವನ್ನೇ ಪಂಚಾಯಿತಿಯಿಂದ ಪಂಚಾಯಿತಿಗೆ ಬೇರೆ ಬೇರೆ ಮಾಡಿದೆವು. ಒಂದು ಕಡೆ ಸೋಮವಾರ, ಇನ್ನೊಂದು ಕಡೆ ಬುಧವಾರ. ರಾಶಿ ಕರಗಿತು. ಆಮೇಲೆ ಬ್ಯಾಂಕಿನ ಸರದಿ.

ಬ್ಯಾಂಕಿನಿಂದ ಹಿಂದಿರುಗಿದ ಹೆಸರುಗಳ ಪಟ್ಟಿಯನ್ನು ನೋಡುವುದೇ ಒಂದು ಪಾಠ. ಉದ್ಯೋಗ ಚೀಟಿಯಲ್ಲಿ ‘ಹನುಮಂತ’, ಪಾಸ್ ಪುಸ್ತಕದಲ್ಲಿ ‘ಹನಮಂತ’. ಇಲ್ಲಿ ‘ಎಲ್ಲಮ್ಮ’, ಅಲ್ಲಿ ‘ಯಲ್ಲಮ್ಮ’. ಅಪ್ಪನ ಹೆಸರಿರುವ ಕಡೆ ಗಂಡನ ಹೆಸರು. ಒಂದೇ ಊರಿನಲ್ಲಿ ಒಂದೇ ಹೆಸರಿನ ಮೂವರು. ಇಂಗ್ಲಿಷಿನಲ್ಲಿ ಬರೆಯುವಾಗ ಒಂದು ಅಕ್ಷರ ಹೆಚ್ಚು ಕಡಿಮೆಯಾದರೂ ಹಣ ವಾಪಸು. ಶಾಖೆಯಲ್ಲಿದ್ದವರು ಇಬ್ಬರೋ ಮೂವರೋ. ತಪ್ಪು ಖಾತೆಗೆ ಹಣ ಹೋದರೆ ಹೊಣೆ ಅವರದು, ತಡವಾದರೆ ಹೊಣೆ ಯಾರದೂ ಅಲ್ಲ. ಅವರು ಎಚ್ಚರಿಕೆಯನ್ನೇ ಆರಿಸಿಕೊಂಡರೆ ತಪ್ಪು ಹೇಳಲಾಗದು. ಪಂಚಾಯಿತಿಯ ತರುಣರಿಬ್ಬರು ಊರೂರಿಗೆ ಹೋಗಿ ಪಾಸ್ ಪುಸ್ತಕದ ಮೊದಲ ಪುಟವನ್ನು ನೋಡಿ ಉದ್ಯೋಗ ಚೀಟಿಯ ಹೆಸರನ್ನು ಅದಕ್ಕೆ ಹೊಂದಿಸಿದರು. ಇಡೀ ಪ್ರಕರಣದಲ್ಲಿ ಅತ್ಯಂತ ಬೇಸರದ ಕೆಲಸ ಅದು. ಅತ್ಯಂತ ಫಲ ಕೊಟ್ಟ ಕೆಲಸವೂ ಅದೇ.

ಈಗ ಆ ಖಾರವಾದ ಜ್ಞಾಪನದ ಕಥೆ. ಕೆಲವು ತಿಂಗಳ ನಂತರ ತಾಲ್ಲೂಕಿನ ಒಂದು ಭಾಗದಿಂದ ಬಂದ ವರದಿಗಳಲ್ಲಿ ವಿಳಂಬವೇ ಕಾಣದಾಯಿತು. ಎಲ್ಲ ಪಾವತಿಗಳೂ ಹದಿಮೂರು, ಹದಿನಾಲ್ಕು ದಿನಗಳಲ್ಲಿ. ಸಂತೋಷಪಡಬೇಕಾದ ಸುದ್ದಿ. ಆದರೆ ನಮ್ಮ ಪ್ರಥಮ ದರ್ಜೆ ಸಹಾಯಕರು ಹಳೆಯ ಕಾಲದ ಮನುಷ್ಯ, ನಿಜಾಮರ ಕಾಲದ ದಫ್ತರಗಳನ್ನು ನೋಡಿ ಪಳಗಿದ ಕಣ್ಣು. ‘ಸರ್, ಇದರಾಗ ಹಾಜರಿ ಆರನೇ ತಾರೀಖಿಗೆ ನಿಂತದ. ಮುಕ್ತಾಯ ಮಾತ್ರ ಇಪ್ಪತ್ತಕ್ಕ ಆಗ್ಯದ ನೋಡ್ರಿ’ ಎಂದರು. ಕೆಲಸ ನಿಂತು ಎರಡು ವಾರವಾದ ಮೇಲೆ ಪಟ್ಟಿ ‘ಮುಕ್ತಾಯ’ವಾಗಿತ್ತು! ಕೂಲಿ ಬೇಗ ಬಂದಿರಲಿಲ್ಲ. ಎಣಿಕೆ ತಡವಾಗಿ ಆರಂಭವಾಗುತ್ತಿತ್ತು. ಶಿಕ್ಷೆಯ ಬೆದರಿಕೆ ಹಾಕಿ ಸಂಖ್ಯೆ ಕೇಳಿದವನು ನಾನು. ಅವರು ಸಂಖ್ಯೆಯನ್ನೇ ಕೊಟ್ಟಿದ್ದರು. ಜ್ಞಾಪನವನ್ನು ಸದ್ದಿಲ್ಲದೆ ಹಿಂಪಡೆದೆ. ವಿಳಂಬಕ್ಕಾಗಿ ಯಾರಿಗೂ ಕಾರಣ ಕೇಳುವ ನೋಟೀಸು ಕೊಡುವುದಿಲ್ಲ, ಸುಳ್ಳು ದಿನಾಂಕಕ್ಕೆ ಮಾತ್ರ ಕೊಡುತ್ತೇನೆ ಎಂದು ಸಭೆಯಲ್ಲಿ ಹೇಳಿದೆ. ಕೆಲಸ ಮುಗಿದ ದಿನಾಂಕವನ್ನು ಕೂಲಿಕಾರರ ಉದ್ಯೋಗ ಚೀಟಿಯಲ್ಲಿಯೇ ಅಂದೇ ಬರೆದುಕೊಡುವ ಏರ್ಪಾಡಾಯಿತು. ಮುಂದಿನ ತಿಂಗಳ ವರದಿಯಲ್ಲಿ ವಿಳಂಬ ಮತ್ತೆ ಕಾಣಿಸಿಕೊಂಡಿತು. ಮೇಲಿನವರು ‘ನಿಮ್ಮ ಪ್ರಗತಿ ಕುಸಿದಿದೆಯಲ್ಲ’ ಎಂದು ಕೇಳಿದರು. ಏನು ಉತ್ತರ ಹೇಳಿದೆನೋ ನೆನಪಿಲ್ಲ.

ನಾವು ಮಾಡುತ್ತಿದ್ದುದಕ್ಕೆ ಒಂದು ಹೆಸರಿದೆ ಎಂಬುದು ತಿಳಿದದ್ದು ನಂತರ, ಮೈಸೂರಿನ ಆಡಳಿತ ತರಬೇತಿ ಸಂಸ್ಥೆಯ ಶಿಬಿರವೊಂದರಲ್ಲಿ. ಯೋಜಿಸು, ಮಾಡು, ಪರೀಕ್ಷಿಸು, ಸರಿಪಡಿಸು, ಮತ್ತೆ ಯೋಜಿಸು. ಅಮೆರಿಕದ ಬೆಲ್ ದೂರವಾಣಿ ಪ್ರಯೋಗಾಲಯದ ವಾಲ್ಟರ್ ಶೆವಾರ್ಟ್ 1939ರ ತಮ್ಮ ಗ್ರಂಥದಲ್ಲಿ ಇದರ ಬೀಜರೂಪವನ್ನು ಇಟ್ಟರು. ಎಡ್ವರ್ಡ್ಸ್ ಡೆಮಿಂಗ್ 1950ರಲ್ಲಿ ಜಪಾನಿನ ಎಂಜಿನಿಯರುಗಳಿಗೆ ಅದನ್ನು ಬೋಧಿಸಿದರು. ಮುಂದಿನ ವರ್ಷವೇ ಜಪಾನೀಯರು ಅವರ ಹೆಸರಿನಲ್ಲಿ ಪ್ರಶಸ್ತಿಯೊಂದನ್ನು ಸ್ಥಾಪಿಸಿದರು. ‘ಪರೀಕ್ಷಿಸು’ ಎಂಬುದಕ್ಕಿಂತ ‘ಅಧ್ಯಯನ ಮಾಡು’ ಎಂಬ ಪದವನ್ನೇ ಡೆಮಿಂಗ್ ಕೊನೆಗಾಲದಲ್ಲಿ ಒತ್ತಿ ಹೇಳುತ್ತಿದ್ದರಂತೆ. ಆ ವ್ಯತ್ಯಾಸ ನನಗೆ ಈಗ ಅರ್ಥವಾಗುತ್ತದೆ. ನಮ್ಮ ಪ್ರಗತಿ ಪರಿಶೀಲನಾ ಸಭೆಗಳು ಪರೀಕ್ಷಿಸುತ್ತವೆ, ಅಧ್ಯಯನ ಮಾಡುವುದಿಲ್ಲ.

ಇದು ಜಪಾನಿನ ಸರಕು, ನಮ್ಮ ಮಣ್ಣಿಗೆ ಹೊಂದದು ಎನ್ನುವವರಿಗೆ ಒಂದು ಸಂಗತಿ ಹೇಳಬೇಕು. ಡೆಮಿಂಗ್ ಜಪಾನಿನ ಆ ಉಪನ್ಯಾಸಗಳನ್ನು ಕೊಡುವ ಮೊದಲೇ, 1947–48ರ ಚಳಿಗಾಲದಲ್ಲಿ, ಶೆವಾರ್ಟ್ ಭಾರತಕ್ಕೆ ಬಂದಿದ್ದರು. ಅವರನ್ನು ಕರೆಸಿದವರು ಕಲ್ಕತ್ತೆಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಪ್ರಶಾಂತಚಂದ್ರ ಮಹಲನೋಬಿಸ್. ದೇಶ ಸ್ವತಂತ್ರವಾಗಿ ಆರು ತಿಂಗಳೂ ತುಂಬಿರಲಿಲ್ಲ. ಬೀಜ ನಮ್ಮಲ್ಲಿಗೆ ಮೊದಲೇ ಬಂದಿತ್ತು. ಕಾರ್ಖಾನೆಗಳಲ್ಲಿ ಅದು ಮೊಳೆಯಿತು. ಕಚೇರಿಗಳ ಬಾಗಿಲನ್ನು ಮಾತ್ರ ಯಾರೂ ತಟ್ಟಲಿಲ್ಲ.

ಯಾರೂ ಎಂದೆನೆ? ಅದು ಪೂರ್ಣ ಸತ್ಯವಲ್ಲ. ಕರ್ನಾಟಕದ ‘ಭೂಮಿ’ ಯೋಜನೆ ಈ ಬಗೆಯ ಆವರ್ತನದ ಒಳ್ಳೆಯ ಉದಾಹರಣೆ. ಪಹಣಿಗಳನ್ನು ಗಣಕಕ್ಕೆ ಏರಿಸುವ ಕೇಂದ್ರ ಸರಕಾರದ ಪ್ರಯೋಗ 1988–89ರಲ್ಲಿಯೇ ಆಯ್ದ ಕೆಲವೇ ಜಿಲ್ಲೆಗಳಲ್ಲಿ ಆರಂಭವಾಗಿ, ಮುಂದೆ ನಮ್ಮ ನೆರೆಯ ಗುಲ್ಬರ್ಗಕ್ಕೂ ಬಂದಿತ್ತು. ಗಣಕದಲ್ಲಿ ಒಂದು ದಾಖಲೆ, ಗ್ರಾಮ ಲೆಕ್ಕಿಗರ ಕೈಯಲ್ಲಿ ಇನ್ನೊಂದು. ಹಕ್ಕು ಬದಲಾವಣೆ ಎರಡನೆಯದರಲ್ಲಿ ಮಾತ್ರ ಆಗುತ್ತಿದ್ದರೆ ಮೊದಲನೆಯದು ಹಳಸದೆ ಇರುತ್ತದೆಯೇ? 2000ದ ಆಸುಪಾಸಿನಲ್ಲಿ ‘ಭೂಮಿ’ ಬಂದಾಗ ಆ ಸೋಲಿನ ಪಾಠವನ್ನು ಅದರ ವಿನ್ಯಾಸದಲ್ಲಿಯೇ ಹೆಣೆಯಲಾಯಿತು: ಕೈಬರಹದ ಪಹಣಿಗೆ ಮಾನ್ಯತೆಯೇ ಇಲ್ಲ. ಅರ್ಜಿ ಬಂದ ಕ್ರಮದಲ್ಲಿಯೇ ವಿಲೇವಾರಿಯಾಗಬೇಕು, ಒಬ್ಬನನ್ನು ದಾಟಿಸಿ ಇನ್ನೊಬ್ಬನದನ್ನು ಎತ್ತಿಕೊಳ್ಳಲು ತಂತ್ರಾಂಶ ಬಿಡುವುದಿಲ್ಲ. ಬೆರಳಚ್ಚು ಕೊಡದೆ ಅಧಿಕಾರಿ ಒಳಹೋಗುವಂತಿಲ್ಲ. ಸುಮಾರು 67 ಲಕ್ಷ ರೈತರ ಎರಡು ಕೋಟಿ ಪಹಣಿಗಳು ಹಾಗೆ ಗಣಕಕ್ಕೆ ಬಂದವು. ಅದರಲ್ಲಿಯೂ ದೋಷಗಳಿದ್ದವು, ತಿದ್ದುಪಡಿಗಾಗಿ ರೈತರು ಅಲೆದದ್ದೂ ಉಂಟು. ಆದರೆ ಹಿಂದಿನ ಸುತ್ತಿನಲ್ಲಿ ಎಲ್ಲಿ ಎಡವಿದೆವೆಂದು ನೋಡಿ ಮುಂದಿನ ಹೆಜ್ಜೆ ಇಟ್ಟದ್ದರಿಂದಲೇ ಅದು ನಿಂತಿತು.

2012ರ ಏಪ್ರಿಲ್‌ನಲ್ಲಿ ರಾಜ್ಯದಾದ್ಯಂತ ಜಾರಿಗೆ ಬಂದ ‘ಸಕಾಲ’ದ ಬಗೆಗೆ ನನ್ನ ಅಭಿಪ್ರಾಯ ಮಿಶ್ರವಾದುದು. ಸೇವೆಗೊಂದು ಗಡುವು, ಅರ್ಜಿಗೊಂದು ಸಂಖ್ಯೆ, ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿಯವರೆಗೆ ಪರಿಹಾರ. ನಾಗರಿಕನಿಗೆ ದಿನಾಂಕವೊಂದನ್ನು ಕೊಟ್ಟದ್ದು ಸಣ್ಣ ಸಾಧನೆಯಲ್ಲ. ಬೇವಿನ ಮರದಡಿಯ ಆ ತಾಯಿ ಕೇಳಿದ್ದೂ ಅದನ್ನೇ. ಆದರೆ ಗಡುವು ಕೊಡುವುದು ಒಂದು, ಗಡುವಿನೊಳಗೆ ಮುಗಿಯುವಂತೆ ಕೆಲಸದ ದಾರಿಯನ್ನು ನೇರ ಮಾಡುವುದು ಇನ್ನೊಂದು. ಎರಡನೆಯದನ್ನು ಮಾಡದ ಕಚೇರಿಗಳಲ್ಲಿ ಕೊನೆಯ ದಿನ ‘ದಾಖಲೆಗಳು ಅಪೂರ್ಣ’ ಎಂಬ ಷರಾದೊಡನೆ ಅರ್ಜಿಗಳು ತಿರಸ್ಕೃತವಾದುದನ್ನು ನಾನೇ ತಪಾಸಣೆಗಳಲ್ಲಿ ಕಂಡಿದ್ದೇನೆ. ಗಡುವು ಮೀರಲಿಲ್ಲ, ಕೆಲಸವೂ ಆಗಲಿಲ್ಲ. ನನ್ನ ಜ್ಞಾಪನದ ಸೋದರ ಸಂಬಂಧಿಯೇ ಇದು. 2018ರಲ್ಲಿ ಆರಂಭವಾದ ಮಹತ್ವಾಕಾಂಕ್ಷಿ ಜಿಲ್ಲೆಗಳ ಕಾರ್ಯಕ್ರಮಕ್ಕೆ ರಾಜ್ಯದಿಂದ ಆಯ್ಕೆಯಾದವು ರಾಯಚೂರು ಮತ್ತು ಯಾದಗಿರಿ. ಅದರ 49 ಸೂಚಕಗಳ ಮಾಸಿಕ ಪೈಪೋಟಿಯಲ್ಲಿಯೂ ಈ ಅಪಾಯವನ್ನು ಎಚ್ಚರದಿಂದ ನೋಡಬೇಕಾಗಿತ್ತು ಎಂಬುದು ನನ್ನ ಅನಿಸಿಕೆ. ಶ್ರೇಯಾಂಕ ಒಂದು ಸ್ಥಾನ ಮೇಲೇರಿದ್ದೇಕೆ ಎಂಬ ಪ್ರಶ್ನೆಯನ್ನು ಕೇಳುವವರು, ಇಳಿದದ್ದೇಕೆ ಎಂದು ಕೇಳುವವರಿಗಿಂತ ಯಾವಾಗಲೂ ಕಡಿಮೆ.

ಉದ್ಯೋಗ ಖಾತರಿಗೇ ಬರೋಣ. ಒಂದು ತಾಲ್ಲೂಕಿನಲ್ಲಿ ಫಲಿಸಿದ್ದನ್ನು ಹಾಗೆಯೇ ನಕಲು ಮಾಡಿ ಇನ್ನೊಂದರಲ್ಲಿ ಹಚ್ಚಲು ಹೋದೆವು, ಫಲಿಸಲಿಲ್ಲ. ದೇವದುರ್ಗದ ಒಣಸೀಮೆಯ ಕಾಲಮಾನ ಬೇರೆ, ಮಾನ್ವಿಯ ಕಾಲುವೆ ಸೀಮೆಯ ಕಾಲಮಾನ ಬೇರೆ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟೊಡನೆ ಮಾನ್ವಿ ಕಡೆಯ ಹಳ್ಳಿಗಳಲ್ಲಿ ಭತ್ತದ ನಾಟಿ ಶುರು. ಕೂಲಿಯವರು ಎಲ್ಲಿಂದಲೋ ಬರಬೇಕು, ಖಾತರಿ ಕೆಲಸಕ್ಕೆ ಯಾರೂ ಸಿಗರು. ಕಾಲುವೆಯ ಕೊನೆಯಂಚಿನಲ್ಲಿ ನೀರು ತಲುಪದ ಊರುಗಳಲ್ಲಿ ಅದೇ ವಾರ ಕೆಲಸಕ್ಕಾಗಿ ಹಾಹಾಕಾರ. ಒಂದೇ ತಾಲ್ಲೂಕಿನಲ್ಲಿ ಹೀಗೆ. ವಾರದ ದಿನ ಗೊತ್ತುಮಾಡುವ ನಮ್ಮ ಪಟ್ಟಿ ಇಲ್ಲಿ ಹಂಗಾಮಿನ ಪ್ರಕಾರ ಬದಲಾಗಬೇಕಾಗಿತ್ತು. ಅಲ್ಲಿಯೂ ಮತ್ತೆ ಹಳೆಯ ಹಾಜರಿ ಪಟ್ಟಿಗಳನ್ನು ಹರಡಿಕೊಂಡು ಮೊದಲಿನಿಂದ ಕುಳಿತೆವು. ಉತ್ತರವನ್ನಲ್ಲ, ಪ್ರಶ್ನೆ ಕೇಳುವ ಕ್ರಮವನ್ನು ಮಾತ್ರ ಒಂದೂರಿನಿಂದ ಇನ್ನೊಂದೂರಿಗೆ ಒಯ್ಯಬಹುದು ಎಂದು ಆಗ ತಿಳಿಯಿತು.

ನನ್ನ ದೊಡ್ಡ ಸೋಲು ಬೇರೆಯೇ ಇದೆ. ಮೊದಲ ತಾಲ್ಲೂಕಿನಲ್ಲಿ ಆ ವರ್ಷದ ಕೊನೆಗೆ ಬಹುಪಾಲು ಕೂಲಿ ಮೂರು ವಾರದೊಳಗೆ ಕೈಸೇರುವಂತಾಗಿತ್ತು. ಹದಿನೈದು ದಿನವಲ್ಲ, ಮೂರು ವಾರ; ಆದರೂ ಹಿಂದಿನದರ ಅರ್ಧ. ಬಳಿಕ ನನಗೆ ವರ್ಗವಾಯಿತು, ಎಂಜಿನಿಯರಿಗೂ ಆಯಿತು. ವರ್ಷದ ನಂತರ ಬೇರೊಂದು ಕೆಲಸಕ್ಕೆ ಅಲ್ಲಿಗೆ ಹೋದಾಗ ಅಳತೆಯ ದಿನ ಯಾವುದೆಂದು ಕೇಳಿದೆ. ಯಾರಿಗೂ ಗೊತ್ತಿರಲಿಲ್ಲ. ಗೋಡೆಯ ಮೇಲೆ ಅಂಟಿಸಿದ್ದ ವಾರದ ಪಟ್ಟಿಯ ಮೇಲೆ ಚುನಾವಣಾ ವೇಳಾಪಟ್ಟಿ ಅಂಟಿಸಲಾಗಿತ್ತು. ದೋಷ ಅವರದಲ್ಲ. ನಾವು ಐವರು ನಾಲಗೆಯ ಮೇಲೆ ಇಟ್ಟುಕೊಂಡಿದ್ದ ಕ್ರಮವನ್ನು ಕಚೇರಿಯ ಕ್ರಮವಾಗಿ ಬರೆದಿಟ್ಟಿರಲಿಲ್ಲ. ಪ್ರಭಾರ ಹಸ್ತಾಂತರದ ಟಿಪ್ಪಣಿಯಲ್ಲಿ ಕುರ್ಚಿ, ಕಪಾಟು, ಜೀಪುಗಳ ಲೆಕ್ಕವಿತ್ತು, ಅದಿರಲಿಲ್ಲ. ಆವರ್ತನದ ನಾಲ್ಕನೆಯ ಹೆಜ್ಜೆಯನ್ನು ನಾನು ಇಟ್ಟಿರಲೇ ಇಲ್ಲ.

ಮುಂದೆ ತಂತ್ರಜ್ಞಾನ ಬಹಳ ಬದಲಾಯಿತು. ಚೆಕ್ಕು ಹೋಗಿ ವಿದ್ಯುನ್ಮಾನ ವರ್ಗಾವಣೆ ಆದೇಶ ಬಂತು. 2023ರ ಜನವರಿಯಿಂದ ಹಾಜರಿಯನ್ನು ಮೊಬೈಲ್ ಆ್ಯಪ್‌ನಲ್ಲಿ ಚಿತ್ರಸಹಿತ ದಾಖಲಿಸುವುದು ಕಡ್ಡಾಯವಾಯಿತು. ಆದರೆ ನನ್ನ ಹಳೆಯ ತಪ್ಪು ದೊಡ್ಡ ಪ್ರಮಾಣದಲ್ಲಿ ಮರುಕಳಿಸಿತು. ವರ್ಗಾವಣೆ ಆದೇಶ ಸಿದ್ಧವಾಗುವವರೆಗಿನ ತಡವನ್ನು ಮಾತ್ರ ವಿಳಂಬವೆಂದು ಲೆಕ್ಕ ಹಾಕಿ, ಅನಂತರ ಹಣ ಖಾತೆ ಸೇರುವವರೆಗಿನ ತಡವನ್ನು ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. ಸ್ವರಾಜ್ ಅಭಿಯಾನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2018ರ ಮೇ ತಿಂಗಳಲ್ಲಿ, ಈ ಎರಡನೆಯ ಹಂತದ ವಿಳಂಬಕ್ಕೂ ಸರಕಾರವೇ ಹೊಣೆ ಎಂದು ಹೇಳಬೇಕಾಯಿತು. ಮುಕ್ತಾಯದ ದಿನವನ್ನು ಮುಂದಕ್ಕೆ ತಳ್ಳಿದ ನಮ್ಮ ಪಂಚಾಯಿತಿಯ ಹುಡುಗರಿಗೂ ಈ ಲೆಕ್ಕಕ್ಕೂ ಏನು ವ್ಯತ್ಯಾಸ? ಅವರು ಎಣಿಕೆಯ ಆರಂಭವನ್ನು ಸರಿಸಿದರು, ಇಲ್ಲಿ ಎಣಿಕೆಯ ಅಂತ್ಯವನ್ನು ಸರಿಸಲಾಯಿತು.

ಪರಿಹಾರದ ಲೆಕ್ಕವೂ ನೋಡುವಂತಹುದು. 2014ರ ನಿಯಮದಂತೆ, ಹದಿನಾರನೆಯ ದಿನದ ನಂತರ ದಿನಕ್ಕೆ ಶೇ 0.05 ಪರಿಹಾರ. 2025–26ರಲ್ಲಿ ಕರ್ನಾಟಕದ ದಿನಗೂಲಿ 370 ರೂಪಾಯಿ. ಆರು ದಿನದ ಕೂಲಿ 2,220. ಒಂದು ದಿನದ ವಿಳಂಬಕ್ಕೆ 1 ರೂಪಾಯಿ 11 ಪೈಸೆ. ತಿಂಗಳಿಗೆ ನೂರಕ್ಕೆ ಒಂದೂವರೆ ರೂಪಾಯಿ. ಅದೇ ಹೆಣ್ಣುಮಗಳು ಊರಿನಲ್ಲಿ ಕೈಗಡ ತಂದರೆ ನೂರಕ್ಕೆ ಮೂರು ರೂಪಾಯಿ ಬಡ್ಡಿಯನ್ನಾದರೂ ತೆರಬೇಕು. ಸರಕಾರ ಬಡವರಿಂದ ಅಗ್ಗದ ದರದಲ್ಲಿ ಸಾಲ ಪಡೆಯುತ್ತಿದೆ ಎಂದರೆ ಅತಿಶಯೋಕ್ತಿಯಾಗದು.

2025ರ ಡಿಸೆಂಬರ್‌ನಲ್ಲಿ ಸಂಸತ್ತು ಉದ್ಯೋಗ ಖಾತರಿಯ ಸ್ಥಾನದಲ್ಲಿ ಹೊಸ ಕಾಯಿದೆಯನ್ನು ಅಂಗೀಕರಿಸಿತು. ದಿನಗಳು 100ರಿಂದ 125ಕ್ಕೆ ಏರಿದವು. ರಾಜ್ಯಗಳ ಮೇಲಿನ ಹೊರೆಯ ಬಗೆಗೆ, ಕೃಷಿ ಹಂಗಾಮಿನಲ್ಲಿ ಕೆಲಸ ನಿಲ್ಲಿಸುವ ಅವಕಾಶದ ಬಗೆಗೆ ದೊಡ್ಡ ವಾದವೇ ಎದ್ದಿತು. ಆ ವಾದ ಅಗತ್ಯವಾದದ್ದೇ. ಆದರೆ ಯಾವ ಕಾಯಿದೆ ಬಂದರೂ ಗುಂಡಿಯನ್ನು ಯಾರೋ ಒಬ್ಬರು ಅಳೆಯಬೇಕು, ಆ ಅಳತೆಯನ್ನು ಇನ್ನೊಬ್ಬರು ನೋಡಬೇಕು, ಎಲ್ಲಮ್ಮ ಮತ್ತು ಯಲ್ಲಮ್ಮ ಒಬ್ಬರೇ ಎಂದು ಮೂರನೆಯವರು ಒಪ್ಪಬೇಕು.

ಕಳೆದ ವರ್ಷ ಆ ಇಬ್ಬರು ತರುಣರಲ್ಲೊಬ್ಬರು ದೂರವಾಣಿ ಮಾಡಿದರು. ಈಗ ತರುಣರಲ್ಲ, ತಲೆ ನರೆತಿದೆಯಂತೆ. ‘ಸರ್, ನಾವು ದಿನಾಂಕ ಬರೀತಿದ್ವಲ್ಲ, ಆ ಹಾಳೆ ನಿಮ್ಮ ಹತ್ರ ಇದೆ ಏನ್ರಿ?’ ಎಂದು ಕೇಳಿದರು. ಹಳೆಯ ದಿನಚರಿಯೊಂದರ ನಡುವೆ ಅದು ಮಡಿಸಿ ಇತ್ತು. ಚಿತ್ರ ತೆಗೆದು ಕಳುಹಿಸಿದೆ. ವಾರದ ನಂತರ ಅವರು ತಮ್ಮ ಪಂಚಾಯಿತಿಯಲ್ಲಿ ಬಳಸುತ್ತಿರುವ ಹಾಳೆಯ ಚಿತ್ರವನ್ನು ಕಳುಹಿಸಿದರು. ನಮ್ಮ ಏಳು ಕಲಮುಗಳ ಪಕ್ಕದಲ್ಲಿ ಎಂಟನೆಯದೊಂದನ್ನು ಕೈಯಿಂದ ಗೆರೆ ಎಳೆದು ಸೇರಿಸಿದ್ದರು: ‘ಮಳೆ ಬಂದ ದಿನ’.